ಅಂಪೈರ್ ಮನೆಯ ಊಟ

ಪುಣೆಯಲ್ಲಿ ಕನ್ನಡದಲ್ಲಿ ಬೈಯುವುದಕ್ಕೆ ಒಂದು ಸುಖವಿದೆ. ಯಾರಿಗೂ ಅರ್ಥವಾಗುವುದಿಲ್ಲ.

ಹನ್ನೊಂದು ವರ್ಷದಿಂದ ಈ ಸುಖವನ್ನು ಧಾರಾಳವಾಗಿ ಅನುಭವಿಸಿದ್ದೇನೆ. ಅಡ್ಡ ಬರುವ ಆಟೋ, ಲಿಫ್ಟಿನಲ್ಲಿ ಕಾಲು ತುಳಿದವನು, ಆಫೀಸಿನಲ್ಲಿ ಶುಕ್ರವಾರ ಸಂಜೆಗೇ ಮೀಟಿಂಗ್ ಇಡುವ ಬಾಸ್. ಎಲ್ಲರಿಗೂ ನಗುಮುಖದಲ್ಲೇ ನಾಲ್ಕು ಮಾತು ಅಂದಿದ್ದೇನೆ. (ಬಾಸ್ ಒಮ್ಮೆ ಥ್ಯಾಂಕ್ಯೂ ಅಂದಿದ್ದರು.) ಕಳೆದ ವಾರಾಂತ್ಯದವರೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ಎಂಥ ವಾರಾಂತ್ಯ ಅಂತೀರಿ! ಶನಿವಾರ ಸಂಜೆ ಬಾಲೇವಾಡಿ ಸ್ಟೇಡಿಯಂನಲ್ಲಿ ಕಬಡ್ಡಿ, ಬೆಂಗಳೂರು ತಂಡಕ್ಕೂ ಪುಣೆ ತಂಡಕ್ಕೂ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಕ್ರಿಕೆಟ್, ಸಂಜೆ ಟೆನಿಸ್ ಫೈನಲ್, ಆಮೇಲೆ ಕಾರ್ ರೇಸ್. ವಿಮಾನ ನಗರದ ನಮ್ಮ ಫ್ಲ್ಯಾಟಿನ ಫ್ರಿಜ್ ಮೇಲೆ ಟೈಮ್ ಟೇಬಲ್ ಅಂಟಿಸಿದ್ದೆ. ಹೆಂಡತಿ ಸುಮಾ ಅದನ್ನು ಓದಿ, "ಇದರಲ್ಲಿ ಸ್ನಾನ ಯಾವಾಗ?" ಎಂದು ಕೇಳಿದಳು.

ಕಬಡ್ಡಿಗೆ ಅವಳನ್ನೂ ಎಳೆದುಕೊಂಡು ಹೋದೆ. ಸೀಟು ಅದ್ಭುತವಾಗಿತ್ತು. ಅಂಕಣದ ಪಕ್ಕದ ಗೆರೆಗೆ ನೇರ ಎದುರು, ಕೆಳಗಿನಿಂದ ಮೂರನೇ ಸಾಲು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಎರಡು ಜಡೆಯ, ಹತ್ತು ವರ್ಷದ ಮಗಳು. ಸುತ್ತಲೂ ಪುಣೆಯ ಟೀ ಶರ್ಟ್‌ಗಳು. ಇಡೀ ಬ್ಲಾಕಿನಲ್ಲಿ ಬೆಂಗಳೂರಿಗೆ ಕೂಗುವವನು ನಾನೊಬ್ಬನೇ. ಅಂಥ ಒಂಟಿತನ ಮನುಷ್ಯನಿಗೆ ಎಂಥ ಗಂಟಲು ಕೊಡುತ್ತದೆ ಗೊತ್ತಾ?

ಕೊನೆಯ ರೇಡ್. ನಾವು ಒಂದು ಪಾಯಿಂಟ್ ಹಿಂದೆ. ನಮ್ಮ ಹುಡುಗ ಗೆರೆಯ ಅಂಚಿನಲ್ಲೇ ಸರಿದು, ಇಬ್ಬರನ್ನು ಮುಟ್ಟಿ, ಹಾರಿ ವಾಪಸ್ ಬಂದ. ನಾನು ಸೀಟಿನ ಮೇಲೆ ಹತ್ತಿ ನಿಂತಿದ್ದೆ. ಅಷ್ಟರಲ್ಲಿ ಗೆರೆಯ ಬಳಿ ನಿಂತಿದ್ದ ಅಂಪೈರ್ ಕೈ ಎತ್ತಿದರು. ಮುಟ್ಟುವ ಮೊದಲೇ ಕಾಲು ಗೆರೆ ದಾಟಿತ್ತಂತೆ. ರೇಡರ್ ಔಟ್. ನಮ್ಮ ಬಳಿ ರಿವ್ಯೂ ಉಳಿದಿರಲಿಲ್ಲ. ಸೋತೆವು.

ಆಮೇಲಿನದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

"ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನೋ!" ಅಂದೆ. "ಎಷ್ಟು ತಿಂದೆ ಹೇಳೋ!" ಅಂದೆ. ಸುಮಾ ಅಂಗಿ ಜಗ್ಗಿದಳು. "ಮೆಲ್ಲಗೆ ಕಣ್ರೀ."

"ಬಿಡೇ, ಇಲ್ಲಿ ಯಾರಿಗೆ ಅರ್ಥ ಆಗತ್ತೆ?"

ಮುಂದೆ ಕೂತಿದ್ದ ಹುಡುಗಿ ಹಿಂದೆ ತಿರುಗಿ ನೋಡಿದಳು. ನನ್ನ ಕುಣಿತ ನೋಡಿ ಮಜಾ ಬಂದಿರಬೇಕು ಅಂದುಕೊಂಡೆ. ಪಾಪ್‌ಕಾರ್ನ್ ಪೊಟ್ಟಣ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ನಾನು ಮತ್ತೆ ಅಂಪೈರ್ ಕಡೆ ತಿರುಗಿದೆ. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ: "ಕಳ್ಳ! ನಿನ್ನ ಮಕ್ಕಳು ನಾಳೆ ನಿನ್ನ ಮುಖ ಹೇಗೆ ನೋಡ್ತಾವೋ!"

ಹೊರಗೆ ಹೋಗುವ ದಾರಿಯಲ್ಲಿ ಗುಂಪು ಕರಗಲಿ ಎಂದು ನಿಂತಿದ್ದೆವು. ಪಕ್ಕದ ಬಾಗಿಲಿನಿಂದ ಆ ಅಂಪೈರ್ ಹೆಗಲಿಗೊಂದು ಬ್ಯಾಗ್ ಹಾಕಿಕೊಂಡು ಬಂದರು. ಎರಡು ಜಡೆಯ ಹುಡುಗಿ ಓಡಿಹೋಗಿ ಅವರ ಸೊಂಟ ತಬ್ಬಿಕೊಂಡಳು.

"ಅಪ್ಪಾ!"

ಅಪ್ಪಾ. ಮರಾಠಿಯ ಬಾಬಾ ಅಲ್ಲ, ಪಪ್ಪಾ ಅಲ್ಲ. ಸುಮಾ ನನ್ನ ಮೊಣಕೈ ಹಿಡಿದಳು. ನೋವಾಗುವಷ್ಟು ಗಟ್ಟಿಯಾಗಿ.

ಓಡಿಹೋಗೋಣವೆಂದರೆ ಗುಂಪು. ಅಷ್ಟರಲ್ಲಿ ಆ ಹೆಂಗಸು ನಮ್ಮನ್ನು ನೋಡಿದರು. ಆಮೇಲೆ ಗಂಡನಿಗೆ, "ಇವ್ರು ಕನ್ನಡದವರ್ರಿ. ನಮ್ಮ ಹಿಂದ ಕುಂತಿದ್ರು" ಅಂದರು. ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ.

"ಹೌದೇನ್ರಿ!" ಅಂಪೈರ್ ನನ್ನ ಕೈ ಹಿಡಿದು ಕುಲುಕಿದರು. ಹೆಸರು ಬಸವರಾಜ್. ರಾಯಬಾಗದ ಕಡೆಯವರು. ಯೆರವಡಾದ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು, ಸೀಸನ್ ಬಂದಾಗ ಅಂಪೈರ್. "ವಿಮಾನ ನಗರ ಅಂದ್ರ ನಮ್ಮ ಮಗ್ಗಲದಾಗ ಅದೀರಿ. ನಾಳಿ ನನಗ ಸುಟ್ಟಿ ಅದ, ಮ್ಯಾಚ್ ಇಲ್ಲ. ಮಧ್ಯಾಹ್ನ ಊಟಕ್ಕ ಬರ್ರಿ, ಇಬ್ರೂ."

"ಮ್ಯಾಚ್ ಹೆಂಗಿತ್ರಿ?" ಎಂದೂ ಕೇಳಿದರು.

"ಚೆನ್ನಾಗಿತ್ತು ಸರ್" ಅಂದೆ. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿತ್ತೇ? ಆದರೂ ಕೇಳಲಿಲ್ಲ. ಹುಡುಗಿ ನನ್ನ ಷೂ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಸುಮಾ ಮೊಬೈಲ್ ತಂದು ಮುಖದ ಮುಂದೆ ಹಿಡಿದಳು. ಹೈಲೈಟ್ಸ್. ಸ್ಲೋ ಮೋಷನ್. ಯಾರನ್ನೂ ಮುಟ್ಟುವ ಮೊದಲೇ ನಮ್ಮ ಹುಡುಗನ ಹಿಮ್ಮಡಿ ಪೂರ್ತಿ ಗೆರೆಯ ಆಚೆ. ಕಣ್ಣು ಮನೆಯಲ್ಲಿ ಬಿಟ್ಟು ಹೋದವನು ಯಾರು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಪರವಾಗಿರಲಿಲ್ಲ.

"ತಲೆನೋವು, ಬರಲ್ಲ ಅಂತ ಮೆಸೇಜ್ ಹಾಕ್ಲಾ?" ಅಂದೆ.

"ಸೀರೆ ಉಟ್ಟಾಯ್ತು. ಏಳಿ."

ಕ್ರಿಕೆಟ್ ಶುರುವಾಗುವ ಹೊತ್ತಿಗೆ ಯೆರವಡಾದ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿದ್ದೆವು. ಎರಡು ಕೋಣೆಯ ಮನೆ. ಗೋಡೆ ತುಂಬ ಬಸವರಾಜ್ ಆಟಗಾರರಾಗಿದ್ದ ಕಾಲದ ತಂಡಗಳ ಫೋಟೋ. ಮಂಡಿ ಮುರಿದು ಆಟ ನಿಂತಿತಂತೆ. "ಆಟ ಬಿಟ್ಟು ಇರಾಕ ಆಗ್ಲಿಲ್ರಿ. ಅದಕ್ಕ ಗೆರಿ ಹತ್ರ ನಿಂತೆ" ಎಂದು ನಕ್ಕರು. ನಾನು ಇಪ್ಪತ್ತು ವರ್ಷದಿಂದ ಫ್ಯಾನ್. ಗೆರೆ ಹತ್ತಿರ ನಿಂತವನಿಗೂ ಒಂದು ಮಂಡಿ ಇರುತ್ತದೆ, ಕತೆ ಇರುತ್ತದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಬಸವರಾಜ್ ಮೊಸರು ತರಲು ಕೆಳಗೆ ಹೋದರು. ಹೆಂಗಸರಿಬ್ಬರೂ ಒಲೆಯ ಮುಂದೆ. ಹುಡುಗಿ ನೀರು ತಂದಿಟ್ಟಳು. ಹೆಸರು ಶ್ರಾವಣಿ. ಈಗಲಾದರೂ ಹೇಳಲೇಬೇಕಿತ್ತು.

"ಪುಟ್ಟಾ, ನಿನ್ನೆ ನಾನು ಕೂಗಿದ್ದು ತಪ್ಪು. ಸಾರಿ. ಅಪ್ಪ ಬಂದ ಮೇಲೆ ಅವರಿಗೂ ಹೇಳ್ತೀನಿ."

ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿದಳು. "ಅಪ್ಪಗ ಹೇಳಬ್ಯಾಡ್ರಿ ಅಂಕಲ್. ಗದ್ದಲದಾಗ ಅವ್ರಿಗೆ ಏನೂ ಕೇಳಂಗಿಲ್ಲ. ನಾನೂ ಅವ್ವನೂ ಹೇಳಿಲ್ಲ."

"ಹೇಳಲ್ಲ ಪುಟ್ಟಾ" ಅಂದೆ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರ ಹೆಂಡತಿ ಮೇಲಿಂದ ಮೇಲೆ ಬಡಿಸಿದರು. ಟಿವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ನಮ್ಮವನೊಬ್ಬನಿಗೆ ಅಂಪೈರ್ ಎಲ್‌ಬಿಡಬ್ಲ್ಯೂ ಔಟ್ ಕೊಟ್ಟರು. ನಾನು ತುಟಿ ಬಿಚ್ಚಲಿಲ್ಲ. ಸುಮಾ ಹುಷಾರಿದ್ದೀರಾ ಎಂಬಂತೆ ನೋಡಿದಳು.

ಹೊರಟಾಗ ಬಸವರಾಜ್ ಸ್ಕೂಟರ್ ತನಕ ಬಂದರು. ಸುಮಾ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ಮಗುವಿಗೆ ಕೊಟ್ಟ ಮಾತು ಮುರಿಯಬೇಕೋ, ತಪ್ಪನ್ನು ನುಂಗಿಕೊಂಡು ಹೋಗಬೇಕೋ? ಬಾಯಿ ತಾನಾಗಿ ತೆರೆಯಿತು. "ಸರ್, ನಿನ್ನೆ ನಾನು..."

ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಮರಾಠಿ, ಹಿಂದಿ ಎಲ್ಲಾ ಗದ್ದಲದಾಗ ಹೋಗ್ತಾವ್ರಿ. ಕನ್ನಡ ಒಂದ ನೋಡ್ರಿ, ಎಲ್ಲಿದ್ರೂ ಕಿವಿಗೆ ಬೀಳ್ತದ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಿಂದ ಕುಂತಿದ್ರು ಅಂತ ಅಕಿ ಅಂದಾಗನ ಆ ದನಿ ನಿಮ್ದು ಅಂತ ಗುರ್ತು ಸಿಕ್ತು. ಆದ್ರ ನನಗ ಏನೂ ಕೇಳಂಗಿಲ್ಲ ಅಂತ ಮನ್ಯಾಗ ಹೇಳೇನಿ. ಅದು ಹಂಗ ಇರ್ಲಿ."

ಮೇಲೆ ನೋಡಿದರು. ಬಾಲ್ಕನಿಯಲ್ಲಿ ತಾಯಿ, ಮಗಳು ಕೈಬೀಸುತ್ತಿದ್ದರು. ಇವರೂ ಬೀಸಿದರು. ನಾನೂ ಬೀಸಿದೆ.

ಟೆನಿಸ್ ಯಾರು ಗೆದ್ದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕೂಗುವುದಕ್ಕೆ ಒಂದು ಟಿಕೆಟ್ ಇದ್ದರೆ ಸಾಕು. ಅದೆಲ್ಲ ಕೇಳಿಸಿಕೊಂಡೂ ಊಟಕ್ಕೆ ಕರೆಯಲು ಏನಿರಬೇಕು, ಹೇಳಿ?