ನನ್ನ ತಮ್ಮ ಆರಿಸಿದ ಇಂಟರ್‌ವ್ಯೂ ಕೋಟು

ನನ್ನ ತಮ್ಮ ಜೀವಮಾನದಲ್ಲಿ ಒಂದೇ ಒಂದು ಇಂಟರ್‌ವ್ಯೂಗೂ ಕೂತವನಲ್ಲ. ಅಪ್ಪ ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಅವರ ಕುರ್ಚಿ ಇವನಿಗೆ ಬಂತು. ಅವನಿಗಿಂತ ಹೆಚ್ಚು ಓದಿದವಳು ನಾನು. ಆದರೆ ಮದುವೆಯಾಗಿ ಹೋದ ಮಗಳನ್ನು ಆಗ ಯಾರು ಕೇಳುತ್ತಿದ್ದರು? ಆ ಕುರ್ಚಿಯಲ್ಲಿ ಬೇಕಾದಷ್ಟು ವರ್ಷ ಆಕಳಿಸಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ರಾಮಕೃಷ್ಣನಗರದ ತನ್ನ ಮನೆಯ ಮಹಡಿಯ ಮೇಲೆ ಅವನು ವ್ಯಕ್ತಿತ್ವ ವಿಕಸನದ ತರಗತಿ ತೆರೆದ. ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು, ಎಷ್ಟು ನಗಬೇಕು, ಏನು ಹಾಕಿಕೊಂಡು ಹೋಗಬೇಕು ಎನ್ನುವುದೇ ಅಲ್ಲಿಯ ಪಾಠ.

ನನ್ನ ಗಂಡ ಮೇಟಗಳ್ಳಿ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸ್ ಆಫೀಸಿನಲ್ಲಿದ್ದವರು. ಕಾರ್ಖಾನೆ ಮುಚ್ಚಿತು. ಐವತ್ತರ ಹತ್ತಿರಕ್ಕೆ ಬಂದ ಮೇಲೆ ಮತ್ತೆ ಹೊಸದಾಗಿ ಕೆಲಸ ಹುಡುಕಬೇಕಾಯಿತು. ಎಷ್ಟೋ ತಿಂಗಳಾದ ಮೇಲೆ, ಆಸ್ಪತ್ರೆಗಳಿಗೆ ಸಾಮಾನು ಸರಬರಾಜು ಮಾಡುವ ಒಂದು ಕಂಪನಿಯಿಂದ ಸೋಮವಾರ ಇಂಟರ್‌ವ್ಯೂಗೆ ಬನ್ನಿ ಎಂದು ಫೋನ್ ಬಂತು. ಇವರು ಸುಮ್ಮನಿರಲಾರದೆ ಅದನ್ನು ನನ್ನ ತಮ್ಮನಿಗೆ ಹೇಳಿದರು.

ಭಾನುವಾರ ಬೆಳಿಗ್ಗೆಯೇ ಬನ್ನಿಮಂಟಪದ ನಮ್ಮ ಮನೆಗೆ ಅವನು ದೊಡ್ಡದೊಂದು ಬ್ಯಾಗು ಹೊತ್ತು ಬಂದ. ಕಾಫಿ ಕುಡಿಯುವ ಮೊದಲೇ ಬೀರು ತೆಗೆದು ಭಾವನ ಅಂಗಿಗಳನ್ನೆಲ್ಲ ಮಂಚದ ಮೇಲೆ ಎಸೆದ. ಒಂದೊಂದನ್ನೂ ಎರಡೇ ಬೆರಳಲ್ಲಿ ಎತ್ತಿ ನೋಡಿದ.

"ಎಲ್ಲಾ ಅರ್ಧ ತೋಳು. ಇದ್ ಹಾಕ್ಕೊಂಡು ಹೋದ್ರೆ ಬಾಗಿಲಲ್ಲೇ ಡಿಸೈಡ್ ಮಾಡ್ಬುಡ್ತಾರೆ ಭಾವ, ಇವ್ರು ಗುಮಾಸ್ತ ಅಂತ."

"ನಾನು ಹೋಗ್ತಿರೋದು ಅಂಥದ್ದೇ ಕೆಲಸಕ್ಕಲ್ವೇನೋ," ಎಂದರು ಇವರು.

"ಅಲ್ಲೇ ಇರೋದು ನಿಮ್ ತಪ್ಪು. ಮೈಂಡ್‌ಸೆಟ್ಟು."

ಬ್ಯಾಗಿನಿಂದ ಅವನ ಮದುವೆ ರಿಸೆಪ್ಶನ್ನಿನ ನೀಲಿ ಕೋಟು ಹೊರಬಂತು. ಹಿಂದೆಯೇ ಕೆಂಪು ಟೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಿಳಿ ಎಂದರೆ ಪ್ರಾಮಾಣಿಕತೆಯಂತೆ, ನೀಲಿ ಎಂದರೆ ನಂಬಿಕೆಯಂತೆ, ಕೆಂಪು ನಾಯಕತ್ವವಂತೆ. ಗ್ಲೌಸು, ಸಿರಿಂಜು, ಬ್ಯಾಂಡೇಜು ಕಾಯುವ ಕೆಲಸಕ್ಕೆ ಇಷ್ಟೊಂದು ನಾಯಕತ್ವ ಯಾಕೋ ಎಂದು ಕೇಳಿದೆ.

"ಅಕ್ಕ, ನಿಂಗೆ ಇದೆಲ್ಲ ಗೊತ್ತಾಗಲ್ಲ ಬುಡು," ಎಂದ.

ಕೋಟಿನ ಗುಂಡಿ ಇವರ ಹೊಟ್ಟೆಯ ಮೇಲೆ ಕೂಡಲಿಲ್ಲ. ಗುಂಡಿ ಹಾಕುವುದೇ ಹಳೇ ಫ್ಯಾಷನ್ ಎಂದು ತಮ್ಮ ಅಲ್ಲೇ ತೀರ್ಪು ಕೊಟ್ಟ. ಆಮೇಲೆ ಇವರನ್ನು ಅಡುಗೆಮನೆ ಬಾಗಿಲಿನಿಂದ ಟೀವಿಯವರೆಗೆ ನಡೆಸಿದ. ತಾನೇ ಟೀವಿಯ ಮುಂದೆ ಕುರ್ಚಿ ಹಾಕಿಕೊಂಡು ಮ್ಯಾನೇಜರ್ ಆಗಿ ಕೂತ. ಕೈ ಕುಲುಕುವಾಗ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಹಿಡಿದು ತೋರಿಸಿದ. ದೊಡ್ಡ ಸ್ಟೋರಿನ ಬೀಗದ ಕೈ ಇಟ್ಟುಕೊಂಡಿದ್ದ ಮನುಷ್ಯ ನನ್ನ ಮನೆಯ ನಡುವೆ, ನನ್ನ ತಮ್ಮನ ಕೋಟಿನಲ್ಲಿ, ಎಳೆದತ್ತ ಹೋಗುವ ಹಸುವಿನ ಹಾಗೆ ಅತ್ತಿಂದಿತ್ತ ನಡೆದಾಡಿದರು. ತಮ್ಮನ ಮೇಲೆ ನನಗೆ ಎಷ್ಟು ತಾತ್ಸಾರವಿತ್ತೋ, ಆ ಹೊತ್ತಿಗೆ ಇವರ ಮೇಲೂ ಅಷ್ಟೇ ಹುಟ್ಟಿತು.

ಹೊರಡುವ ಮೊದಲು ಅವನೇ ನಿಂತು ಇವರ ತಲೆಗೂ ಮೀಸೆಗೂ ಕಪ್ಪು ಬಣ್ಣ ಹಚ್ಚಿದ. ಪೊಟ್ಟಣದೊಳಗೆ ಮಡಚಿಟ್ಟಿದ್ದ ಸೂಚನೆಯ ಕಾಗದವನ್ನು ನಾನು ಓದಲು ತೆಗೆದುಕೊಂಡರೆ, ಅದೆಲ್ಲ ಕಂಪನಿಯವರು ಸುಮ್ಮನೆ ಬರೆದಿರುತ್ತಾರೆ ಎಂದು ಕಿತ್ತುಕೊಂಡು ಮುದುರಿ ಎಸೆದ.

ಸೋಮವಾರ ಬೆಳಿಗ್ಗೆ ಇವರ ಒಂದು ಕಣ್ಣು ತೆರೆಯಲೇ ಇಲ್ಲ. ಹಣೆ ಬಾತುಕೊಂಡಿತ್ತು, ಮೇಲ್ತುಟಿ ದಪ್ಪಗಾಗಿತ್ತು, ಕತ್ತಿನ ಸುತ್ತ ಕೆಂಪು ದದ್ದು. ಬೀದಿಯ ಕೊನೆಯ ಡಾಕ್ಟರರು ನೋಡಿ, ಬಣ್ಣ ಒಗ್ಗಿಲ್ಲ ಎಂದು ಇಂಜೆಕ್ಷನ್ ಕೊಟ್ಟು, ಊತ ಸಂಜೆಯ ಹೊತ್ತಿಗೆ ಇಳಿಯುತ್ತದೆ ಎಂದರು. ಇಂಟರ್‌ವ್ಯೂ ಇದ್ದದ್ದು ಹನ್ನೊಂದಕ್ಕೆ. ತಮ್ಮನಿಗೆ ಫೋನ್ ಮಾಡಿದರೆ, "ಕೂಲಿಂಗ್ ಗ್ಲಾಸ್ ಹಾಕ್ಸಕ್ಕ," ಎಂದ. ನಾನು ಫೋನ್ ಇಟ್ಟುಬಿಟ್ಟೆ.

ಗಂಜಿ ಹಾಕಿದ ಆ ಬಿಳಿ ಕಾಲರು ದದ್ದಿಗೆ ತಾಗಿದರೆ ಇವರು ನರಳುತ್ತಿದ್ದರು. ಒಗೆದು ಒಗೆದು ಮೆತ್ತಗಾಗಿದ್ದ ಅರ್ಧ ತೋಳಿನ ಕೆನೆ ಬಣ್ಣದ ಅಂಗಿ ಕೊಟ್ಟೆ.

"ಅವ್ನು ಬೇಜಾರ್ ಮಾಡ್ಕೊಳಲ್ವೇನೆ?" ಎಂದರು.

ಒಂದು ಕಣ್ಣು ಮುಚ್ಚಿಹೋಗಿದೆ, ಆಗಲೂ ಈ ಮನುಷ್ಯನಿಗೆ ನನ್ನ ತಮ್ಮನ ಬೇಜಾರಿನದೇ ಯೋಚನೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

ಆಫೀಸಿನ ಹೊರಕೋಣೆಯಲ್ಲಿ ಇನ್ನೂ ನಾಲ್ಕಾರು ಜನ ಗಂಡಸರು ಕಾಯುತ್ತಿದ್ದರು. ಎಲ್ಲರೂ ಟೈ ಕಟ್ಟಿದವರೇ. ಏಪ್ರಿಲ್ ಸೆಕೆಗೆ ಬೆವರುತ್ತ, ಪದೇ ಪದೇ ಟೈ ಸರಿಮಾಡಿಕೊಳ್ಳುತ್ತ, ಇವರ ಮುಖವನ್ನು ಕದ್ದು ನೋಡಿದರು. ನನ್ನ ತಮ್ಮನಂಥವರು ಊರಿನ ಪ್ರತಿ ಮನೆಯಲ್ಲೂ ಒಬ್ಬೊಬ್ಬರು ಇರಬೇಕು ಎಂದುಕೊಂಡೆ.

ಒಳಗೆ ನಡೆದದ್ದನ್ನು ಇವರು ದಾರಿಯಲ್ಲಿ ಹೇಳಿದರು. ಮೇಜಿನ ಆಚೆ ಇದ್ದವರು ನಡುವಯಸ್ಸಿನ ಹೆಂಗಸು. ಮೊದಲು ಕೇಳಿದ್ದೇ, ಕಣ್ಣಿಗೆ ಏನಾಯಿತು ಎಂದು.

"ನೀವೇನಂದ್ರಿ?"

"ನಿಜ ಹೇಳ್ದೆ ಕಣೆ. ವಯಸ್ಸು ಕಾಣ್ಬಾರ್ದು ಅಂತ ಬಣ್ಣ ಹಚ್ಕೊಂಡೆ ಮೇಡಂ, ಹಿಂಗಾಯ್ತು ಅಂದೆ. ಅವ್ರಿಗೆ ನಗು ತಡೆಯಕ್ಕಾಗ್ಲಿಲ್ಲ. ನೀರು ತರಿಸಿಕೊಟ್ರು. ಆಮೇಲೆ ಅವಧಿ ಮುಗಿಯೋ ಮಾಲನ್ನ ಹೆಂಗೆ ಜೋಡಿಸ್ತೀರಿ, ಮಳೆಗಾಲದಲ್ಲಿ ಏನ್ ಮಾಡ್ತೀರಿ, ಅದೇ ಮಾತು. ಬಟ್ಟೆ ಕಡೆ ನೋಡ್ಲೇ ಇಲ್ಲ."

ಅದೇ ವಾರ ಕೆಲಸಕ್ಕೆ ಬನ್ನಿ ಎಂದು ತಿಳಿಸಿದರು.

ಮುಂದಿನ ತಿಂಗಳು ಚಿಕ್ಕಮ್ಮನ ಮನೆಯ ಗೃಹಪ್ರವೇಶದಲ್ಲಿ ನೆಂಟರೆಲ್ಲ ಸೇರಿದ್ದರು. ನನ್ನ ತಮ್ಮ ಅವರ ನಡುವೆ ನಿಂತು, ಭಾವನನ್ನು ತಾನು ಹೇಗೆ ತಯಾರು ಮಾಡಿದೆ, ಆ ಕೋಟು ಹೇಗೆ ಕೆಲಸ ಮಾಡಿತು ಎಂದು ವಿವರಿಸುತ್ತಿದ್ದ. ಅವನ ಕೋಟು ಇಂಟರ್‌ವ್ಯೂ ಬಾಗಿಲನ್ನೂ ಕಾಣದೆ ಅವನ ಬ್ಯಾಗಿನಲ್ಲೇ ವಾಪಸ್ಸು ಹೋಗಿತ್ತು. ಚಿಕ್ಕಪ್ಪ ಇವರ ಕಡೆ ತಿರುಗಿ, "ಹೌದೇನಪ್ಪಾ?" ಎಂದು ಕೇಳಿದರು.

"ಹೌದು, ಎಲ್ಲಾ ಅವ್ನೇ ಮಾಡಿದ್ದು," ಎಂದರು ನನ್ನ ಗಂಡ.

ನಾನು ನಡೆದದ್ದನ್ನು ಬಾತ ತುಟಿಯ ಸಮೇತ ಹೇಳಿದೆ. ಎಲ್ಲರೂ ನಕ್ಕರು, ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ಕನಿಗೆ ಮೊದಲಿನಿಂದಲೂ ತನ್ನನ್ನು ಕಂಡರೆ ಹೊಟ್ಟೆಕಿಚ್ಚು ಎಂದ.

ಮನೆಗೆ ಬಂದ ಮೇಲೆ, ಯಾಕೆ ಹಾಗೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಹೋಗ್ಲಿ ಬುಡು. ನಂಗೆ ಕೆಲಸ ಸಿಕ್ತು. ಅವ್ನಿಗೂ ಏನಾರ ಸಿಗ್ಲಿ," ಎಂದರು.

ಅಪ್ಪನ ಕೆಲಸ ಸಿಕ್ಕವನಿಗೆ ಇನ್ನೂ ಏನು ಸಿಗಬೇಕಿತ್ತೋ ನನಗೆ ತಿಳಿಯಲಿಲ್ಲ. ದೀಪ ಆರಿಸಿ ಮಲಗಿದೆ.