ಎಳೆಯದೆ ಕಟ್ಟಿದ ಹುರಿ

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರಡುವ ಲಾರಿಗಳ ಮೇಲೆ ಬಲೆ ಬಿಗಿದಿರುತ್ತಾರಲ್ಲ, ಅದನ್ನು ಕಟ್ಟುವವನು ಬಾಬು ಜಾನ್. ಎಲ್ಲ ಲಾರಿಗೂ ಅವನೇ ಅಲ್ಲ, ಇನ್ನೂ ಇಬ್ಬರಿದ್ದಾರೆ. ಅವರ ಬಲೆಯ ಲಾರಿ ಊರು ದಾಟುವುದರೊಳಗೆ ನಾಲ್ಕು ಕಾಯಿ ಉದುರಿಸುತ್ತದಂತೆ, ಬಾಬು ಜಾನ್ ಬಲೆಯಿಂದ ದಿಲ್ಲಿ ಮುಟ್ಟಿದರೂ ಒಂದು ಉದುರುವುದಿಲ್ಲವಂತೆ. ಇದು ಡ್ರೈವರುಗಳ ಮಾತು. ಕೇಳಿಸಿಕೊಂಡಾಗಲೆಲ್ಲ ಅವನು "ಬುಡ್ರಲಾ ಸಾಕು" ಅನ್ನುತ್ತಿದ್ದ. ಬಾಯಿ ಬುಡ್ರಲಾ ಅನ್ನುತ್ತಿತ್ತು, ಮುಖ ಇನ್ನೊಂದು ಸಲ ಹೇಳ್ರಲಾ ಅನ್ನುತ್ತಿತ್ತು. ಆ ಹೆಮ್ಮೆಯೇ ಅವನನ್ನು ಕೆಡಿಸಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮಾಡುವುದೇನಿದೆ?

ವಯಸ್ಸು ಅರವತ್ತೆರಡು. ಹತ್ತನೇ ವಯಸ್ಸಿಗೇ ಅಪ್ಪನ ಪಕ್ಕ ಕೂತು ಗಂಟು ಹಾಕಲು ಕಲಿತವನು. ಕಸುಬಿನಲ್ಲಿ ಅಪ್ಪ ಹೇಳಿಕೊಟ್ಟಿದ್ದು ಒಂದೇ ಗುಟ್ಟು: ಹೊಸ ನೈಲಾನ್ ಹುರಿಯನ್ನು ಹಾಗೇ ಕಟ್ಟಬಾರದು. ನೀರಲ್ಲಿ ನೆನೆಸಿ, ಕಲ್ಲು ಕಟ್ಟಿ ಒಂದು ಹಗಲು ಒಂದು ರಾತ್ರಿ ಇಳಿಬಿಡಬೇಕು. ಹುರಿ ಎಷ್ಟು ಹಿಗ್ಗುವುದೋ ಆಗಲೇ ಹಿಗ್ಗಿಬಿಡಬೇಕು. ಹೀಗೆ ಎಳೆಯದೆ ಕಟ್ಟಿದರೆ ಆವತ್ತಿಗೆ ಬಿಗಿಯಾಗಿಯೇ ಕಾಣುತ್ತದೆ, ಭಾರ ಬಿದ್ದ ಮೇಲೆ ಜೋತು ಬೀಳುತ್ತದೆ. ಅವನ ಅಂಗಡಿಯ ಮುಂದಿನ ಬೇವಿನ ಕೊಂಬೆಯಲ್ಲಿ ಯಾವಾಗಲೂ ನಾಲ್ಕೈದು ಕಲ್ಲು ನೇತಾಡುತ್ತಿರುತ್ತವೆ. ಹೊಸಬರು ಏನೋ ಹರಕೆ ಇರಬೇಕು ಅಂದುಕೊಂಡು ಕೈಮುಗಿದದ್ದೂ ಉಂಟು.

ಎರಡು ವರ್ಷದ ಹಿಂದೆ ಅಲ್ಲಿನ ಒಂದು ಪಿಯು ಕಾಲೇಜಿನ ಆಟದ ಮೇಡಂ ಅರುಂಧತಿ ಹನ್ನೆರಡು ಕೋಲುಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಕೋಲಿನ ತುದಿಗೆ ಪ್ಲಾಸ್ಟಿಕ್ಕಿನ ತಲೆ, ತಲೆಯೊಳಗೆ ಹರಿದ ಬಲೆ.

"ಇದೇನ್ ಮೇಡಮ್ಮು, ಚಿಟ್ಟೆ ಹಿಡಿಯಾಕಾ?" ಅಂದ ಬಾಬು ಜಾನ್.

"ಲಕ್ರಾಸ್ ಅಂತ ಆಟ ಬಾಬಣ್ಣ. ಚೆಂಡನ್ನ ಕೈಯಲ್ಲಿ ಮುಟ್ಟೋ ಹಾಗಿಲ್ಲ, ಇದರಲ್ಲೇ ಹಿಡಿದು, ಇದರಲ್ಲೇ ಎಸೆದು ಗೋಲು ಹೊಡೀಬೇಕು. ಹೊಸ ಬಲೆ ತರಿಸೋಕೆ ತಿಂಗಳುಗಟ್ಟಲೆ ಆಗುತ್ತೆ. ನೀವು ಕಟ್ಟಿಕೊಡ್ತೀರಾ?"

ಕಟ್ಟದೆ ಇರುತ್ತಾನೆಯೇ? ಕಟ್ಟಿದ. ಕಟ್ಟಿದ್ದು ಹೇಗಿದೆ ನೋಡಲು ಸಂಜೆ ಮೈದಾನಕ್ಕೂ ಹೋದ. ಆಮೇಲೆ ಅದೇ ಚಟವಾಯಿತು. ಇಬ್ಬರು ಹುಡುಗಿಯರು ನಡುವೆ ನಿಂತು ಕೋಲಿಗೆ ಕೋಲು ಒತ್ತಿ ಚೆಂಡನ್ನು ಮೇಲಕ್ಕೆ ಚಿಮ್ಮಿಸಿದರೆ ಅದು ಡ್ರಾ, ಆಟ ಶುರು. ನೆಲದ ಚೆಂಡನ್ನು ಎತ್ತಿಕೊಂಡರೆ ಸ್ಕೂಪ್. ಓಡುವಾಗ ಚೆಂಡು ಬೀಳದಂತೆ ಕೋಲನ್ನು ತೊಟ್ಟಿಲ ಹಾಗೆ ಅತ್ತಿತ್ತ ತೂಗುವುದು ಕ್ರೇಡಲ್. ಗೋಲಿನ ಸುತ್ತ ಬರೆದ ದುಂಡು ಗೆರೆ ಕ್ರೀಸ್, ಗೋಲು ಹೊಡೆಯಲು ಬಂದವಳು ಅದರೊಳಗೆ ಕಾಲಿಟ್ಟರೆ ಫೌಲು. ಎದುರಾಳಿಯ ತಲೆಯ ಹತ್ತಿರ ಕೋಲು ಬೀಸಿದರೆ ದೊಡ್ಡ ಫೌಲು, ಕಾರ್ಡು ತೋರಿಸುತ್ತಾರೆ. ಇಷ್ಟನ್ನೂ ಅವನು ಮನೆಯಲ್ಲಿ ಜಾಲರಿ ಸೌಟು ಹಿಡಿದು ಹೆಂಡತಿ ಜಾಕಿಯಾಗೆ ಆಡಿ ತೋರಿಸಿದ. ಅವಳು ಸೌಟು ಕಿತ್ತುಕೊಂಡು, ಮೊದಲು ಪೂರಿ ಎತ್ತಲು ಬಿಡಿ ಎಂದು ಗದರಿದಳು.

ಬಲೆಗೂ ಒಂದು ಕಾನೂನಿತ್ತು. ಅದನ್ನು ಅರುಂಧತಿ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಚೆಂಡನ್ನು ಬಲೆಯಲ್ಲಿಟ್ಟು ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದರೆ, ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಬೇಕು. ಕಾಣದಿದ್ದರೆ ಬಲೆ ಆಳವಾಯಿತು ಎಂದರ್ಥ. ಆಳದ ಬಲೆಯಲ್ಲಿ ಚೆಂಡು ಕಚ್ಚಿಕೊಂಡು ಕೂರುತ್ತದೆ, ಎದುರಾಳಿ ಎಷ್ಟು ಬಡಿದರೂ ಬೀಳುವುದಿಲ್ಲ. ಅದು ಮೋಸ. ಅಂಥ ಕೋಲಿನಿಂದ ಹೊಡೆದ ಗೋಲು ಲೆಕ್ಕಕ್ಕಿಲ್ಲ.

ತಂಡದಲ್ಲಿ ಅರ್ಪಿತ ಅಂತ ಒಬ್ಬಳಿದ್ದಳು, ಸೋಮನಹಳ್ಳಿಯವಳು, ಸೆಕೆಂಡ್ ಪಿಯು. ಓಡಿದರೆ ಹಿಂದೆ ಬರುವವರು ಧೂಳು ಕುಡಿಯಬೇಕು, ಹಾಗೆ ಓಡುತ್ತಿದ್ದಳು. ಮಂಡ್ಯದ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ರಾಜ್ಯ ತಂಡಕ್ಕೆ ಆರಿಸುತ್ತಾರೆ, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇದೊಂದೇ ಅವಕಾಶ ಎಂದು ಬಾಬು ಜಾನನಿಗೂ ಗೊತ್ತಿತ್ತು.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಅಭ್ಯಾಸದಲ್ಲಿ ಅವಳ ಬಲೆಯಿಂದ ಚೆಂಡು ಎರಡು ಸಲ ಬಿತ್ತು. ತಪ್ಪು ಬಲೆಯದಲ್ಲ, ಅವಸರದಲ್ಲಿ ತೂಗುವುದನ್ನೇ ಮರೆತಿದ್ದಳು. ಆದರೆ ಬೇಲಿಯಾಚೆ ನಿಂತಿದ್ದ ಲಾರಿ ಡ್ರೈವರು ಸ್ವಾಮಿ ಸುಮ್ಮನಿರಬೇಕಲ್ಲ?

"ಏನ್ ಬಾಬಣ್ಣೋ, ನಿನ್ ಬಲೇಲೂ ಉದ್ರಾಕ್ ಸುರುವಾಯ್ತಾ?"

ತಮಾಷೆಗೆ ಅಂದದ್ದು. ಬಾಬು ಜಾನನಿಗೆ ಅದು ಕೆನ್ನೆಗೆ ಬಾರಿಸಿದ ಹಾಗಾಯಿತು. "ಕೊಡಮ್ಮಿ ಇಲ್ಲಿ, ಒಸಾ ಬಲೆ ಆಕ್ಕೊಡ್ತೀನಿ" ಎಂದು ಅರ್ಪಿತಳ ಕೋಲು ಈಸಿಕೊಂಡು ಅಂಗಡಿಗೆ ಹೋದ.

ಹೊಸ ಹುರಿ ತೆಗೆದ. ನೆನೆಸಲಿಲ್ಲ. ಕಲ್ಲು ಕಟ್ಟಲಿಲ್ಲ. ಹಾಗೇ ಕಟ್ಟಿದ. ಹೊತ್ತಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡನಂತೆ. ಶುದ್ಧ ಸುಳ್ಳು. ಎಳೆದಿಟ್ಟ ಹುರಿ ಒಂದು ಬುಟ್ಟಿ ಅವನ ಮಗ್ಗುಲಲ್ಲೇ ಇತ್ತು. ಕಟ್ಟಿ ಮುಗಿಸಿ ಚೆಂಡಿಟ್ಟು ನೋಡಿದ, ನೆತ್ತಿ ಅಂಚಿನ ಮೇಲೆ ಕೂದಲೆಳೆಯಷ್ಟು ಕಾಣುತ್ತಿತ್ತು. ಬೆಳಿಗ್ಗೆ ಅಂಪೈರು ನೋಡಿದಾಗ ಸರಿಯಿರುತ್ತದೆ, ಆಟದಲ್ಲಿ ಎಸೆತದ ಮೇಲೆ ಎಸೆತ ಬಿದ್ದಾಗ ಬಲೆ ಇಳಿಯುತ್ತದೆ, ಇಳಿದ ಮೇಲೆ ಚೆಂಡು ಜಪ್ಪಯ್ಯ ಅಂದರೂ ಬೀಳುವುದಿಲ್ಲ. ಐವತ್ತು ವರ್ಷ ಹುರಿ ಎಳೆದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕಟ್ಟಿದ.

"ಇನ್ನು ಉದುರಾಕಿಲ್ಲ, ಓಗು" ಎಂದು ಕೊಟ್ಟ. ಹುಡುಗಿ ಕೋಲನ್ನು ಕಣ್ಣಿಗೊತ್ತಿಕೊಂಡು ಹೋದಳು.

ಮಂಡ್ಯದಲ್ಲಿ ಮಳವಳ್ಳಿ ತಂಡದ ಮೇಲೆ ಆಟ. ಬಾಬು ಜಾನ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ತಂಡದ ಹುಡುಗಿಯರ ಚೀಲಗಳ ಪಕ್ಕದಲ್ಲೇ ಕೂತಿದ್ದ. ಬೆಳಿಗ್ಗೆ ಅಂಪೈರಮ್ಮ ಎಲ್ಲರ ಕೋಲುಗಳನ್ನೂ ನೋಡಿ ಒಪ್ಪಿದರು. ಆಟ ಎಂಟು ಎಂಟಕ್ಕೆ ಬಂದು ನಿಂತಿತು. ಇನ್ನೊಂದು ನಿಮಿಷ ಇದೆ ಅನ್ನುವಾಗ ಅರ್ಪಿತ ಮೂವರನ್ನು ದಾಟಿಕೊಂಡು ಬಂದಳು. ಅವಳ ಕೋಲಿಗೆ ಎರಡು ಏಟು ಬಿತ್ತು. ಚೆಂಡು ಅಲ್ಲಾಡಲಿಲ್ಲ. ಗೋಲು! ಹುಡುಗಿಯರೆಲ್ಲ ಹೋ ಎಂದು ಅವಳ ಮೇಲೆ ಬಿದ್ದರು. ಬಾಬು ಜಾನನೂ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಮಳವಳ್ಳಿಯ ನಾಯಕಿ ಕೈ ಎತ್ತಿ, ಕೋಲು ಪರೀಕ್ಷೆ ಮಾಡಿ ಎಂದಳು. ಅಂಪೈರಮ್ಮ ಅರ್ಪಿತಳ ಕೋಲಿನಲ್ಲಿ ಚೆಂಡಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದರು. ನೆತ್ತಿ ಕಾಣಲಿಲ್ಲ. ಗೋಲು ರದ್ದಾಯಿತು. ಉಳಿದ ಅರ್ಧ ನಿಮಿಷದಲ್ಲಿ ಮಳವಳ್ಳಿಯವರೇ ಒಂದು ಹೊಡೆದು ಗೆದ್ದರು.

ಬೆಳಿಗ್ಗೆ ಸರಿಯಿದ್ದ ಬಲೆ ಮಧ್ಯಾಹ್ನಕ್ಕೆ ಹೇಗೆ ಆಳವಾಯಿತು? ಎಲ್ಲರಿಗೂ ಹೊಳೆದದ್ದು ಒಂದೇ: ಪರೀಕ್ಷೆ ಆದಮೇಲೆ ಹುಡುಗಿಯೇ ದಾರ ಸಡಿಲ ಮಾಡಿಕೊಂಡಿದ್ದಾಳೆ. "ಮೋಸಗಾತಿ" ಎಂದು ಯಾರೋ ಕೂಗಿದರು. ಆಯ್ಕೆಗೆ ಬಂದಿದ್ದವರು ತಲೆ ಬಗ್ಗಿಸಿ ಏನೋ ಬರೆದುಕೊಂಡರು.

ಅರುಂಧತಿ ಮೇಡಂ ಕೋಲು ಹಿಡಿದುಕೊಂಡು ಬಂದರು. "ನಿಜ ಹೇಳು ಅರ್ಪಿತ. ಹುರಿ ತಾನಾಗೇ ಇಳಿದಿದ್ದರೆ ಈಗಲೇ ಹೋಗಿ ಅವರಿಗೆ ಹೇಳ್ತೀನಿ. ಬಾಬಣ್ಣ ಅದನ್ನ ಎಳೆದು ಕಟ್ಟಿದ್ದರೋ ಇಲ್ವೋ?"

ಅಳುತ್ತಿದ್ದ ಹುಡುಗಿ ಒಮ್ಮೆಲೇ ತಲೆ ಎತ್ತಿದಳು. "ಬಾಬಣ್ಣನ್ನ ಏನೂ ಅನ್ಬ್ಯಾಡಿ ಮಿಸ್. ಅವ್ರು ಎಳೀದೇ ಕಟ್ಟೋರಲ್ಲ. ಅವ್ರ್ ಬಲೆ ಇಳ್ಯಾಕಿಲ್ಲ. ನಂಗೇ ಗೊತ್ತಿಲ್ದಂಗೆ ನನ್ ಕೈಯಾಗೇ ಏನೋ ಆಗಿರ್ಬೇಕು."

ಮೇಡಂ ಅವನ ಕಡೆ ತಿರುಗಿದರು. "ಎಳೆದಿದ್ರಿ ಅಲ್ವಾ ಬಾಬಣ್ಣ?"

ಸುತ್ತ ಹನ್ನೆರಡು ಹುಡುಗಿಯರು. ಬೇಲಿಯ ಹತ್ತಿರ ಆಟ ನೋಡಲೆಂದು ಮದ್ದೂರಿನಿಂದ ಬಂದಿದ್ದ ಸ್ವಾಮಿ, ಮತ್ತಿಬ್ಬರು ಡ್ರೈವರು. ಬಾಬು ಜಾನ್ ಹೂಂ ಎಂದು ತಲೆ ಆಡಿಸಿದ.

ಅಷ್ಟೇ ಅವನು ಮಾಡಿದ್ದು. ಅಯ್ಯೋ, ಅದಕ್ಕಿಂತ ಇನ್ನೇನು ಬೇಕು?

ಊರಿಗೆ ಬಂದಮೇಲೆ ಅನ್ನ ಇಳಿಯಲಿಲ್ಲ. ನಮಾಜಿಗೆ ನಿಂತರೆ ತಲೆ ಬಗ್ಗಿಸುವಾಗ ಆ ತಲೆಯಾಡಿಸಿದ್ದೇ ನೆನಪಾಗುತ್ತಿತ್ತು. ಯಾರಾದರೂ ಬಲೆ ಚೆನ್ನಾಗಿದೆ ಅಂದರೆ ಮೈ ಉರಿದು ಬೈದು ಕಳಿಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನಿಗೆ ಕಳ್ಳ ಅನ್ನುವುದೂ ಬೇಕಿರಲಿಲ್ಲ. ಏನಾಯಿತು ಎಂದು ಜಾಕಿಯಾ ಕೇಳಿ ಕೇಳಿ ಸಾಕಾಗಿ ಕೈಬಿಟ್ಟಳು. ಮೂರು ವಾರಕ್ಕೆ ರಾಜ್ಯ ತಂಡದ ಪಟ್ಟಿ ಬಂತು. ಅರ್ಪಿತಳ ಹೆಸರಿರಲಿಲ್ಲ. ಅವಳ ಅಪ್ಪ ನಿಂಗಯ್ಯ ಮಾರುಕಟ್ಟೆಯಲ್ಲೇ ಸಿಕ್ಕಿ, "ನಮ್ ವಂಸದಾಗೆ ಯಾರೂ ಮೋಸ ಮಾಡ್ದೋರಲ್ಲ ಕಣ್ ಬಾಬಣ್ಣ, ಈ ಮುಂಡೇದು ಯಾಕಿಂಗ್ ಮಾಡ್ತೋ" ಎಂದು ಇವನ ಮುಂದೆಯೇ ಕಣ್ಣೊರೆಸಿಕೊಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಬಾಬು ಜಾನನಿಗೆ.

ಅವತ್ತೇ ಸಂಜೆ ಮೈದಾನಕ್ಕೆ ಹೋಗಿ ಅರುಂಧತಿ ಮೇಡಂಗೆ ಎಲ್ಲ ಹೇಳಿದ.

"ಆಯ್ಕೆಯವರಿಗೆ ಕಾಗದ ಬರೀತೀನಿ. ಆದರೆ ಪಟ್ಟಿ ಬದಲಾಗಲ್ಲ ಬಾಬಣ್ಣ" ಎಂದು, ಸೀಟಿ ಊದಿ ಹುಡುಗಿಯರನ್ನೆಲ್ಲ ಕರೆದರು. "ನನಗೆ ಹೇಳಿದ್ದನ್ನ ಇವರ ಮುಂದೆ ಹೇಳಿ."

ಹೇಳಿದ. ಬುಟ್ಟಿಯಲ್ಲಿ ಎಳೆದ ಹುರಿ ಇದ್ದದ್ದನ್ನೂ ಬಿಡದೆ ಹೇಳಿದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಪಿತ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಮುಂದೆ ಬಂದಳು.

"ಇಳೀತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

"ಮತ್ ಮಿಸ್ ಕೇಳ್ದಾಗ?"

"ಬಾಯೇ ಬರ್ನಿಲ್ಲ ಕಣ್ ಮಗಾ. ಅಷ್ಟೊಂದ್ ಜನ..."

"ಅಷ್ಟೇ ಜನದ್ ಮುಂದೆ ನಿಮ್ ಪರವಾಗಿ ಮಾತಾಡಾಕೆ ನಂಗ್ ಬಾಯಿ ಬಂತಲ್ಲ ಬಾಬಣ್ಣ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಕೋಲು ಹಿಡಿದುಕೊಂಡು ಆಟಕ್ಕೆ ಹೋದಳು. ಉಳಿದವರೂ ಹೋದರು. ಬಾಬು ಜಾನ್ ಗೆರೆಯ ಹೊರಗೆ ನಿಂತಿದ್ದ. ಅವನನ್ನು ಇರಿ ಎಂದು ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.