ಕೂಸಿನ ಕುರ್ಚಿ ಮತ್ತು ಅಕ್ಕನ ಉಡಿ

ಗೊತ್ತಿಲ್ಲದ ವಿಷಯದ ಬಗ್ಗೆ ಸಲಹೆ ಕೊಡುವಾಗ ನನ್ನ ದನಿ ತಾನಾಗಿಯೇ ಗಟ್ಟಿಯಾಗುತ್ತದೆ. ಗೊತ್ತಿರುವ ವಿಷಯವಾದರೆ ‘ಇರಬಹುದು’, ‘ನೋಡಬೇಕು’ ಎಂದು ತಡವರಿಸುತ್ತೇನೆ. ಗೊತ್ತಿಲ್ಲದಿದ್ದಾಗ ಅಂಥ ಅಡ್ಡಿಯೇನೂ ಇರುವುದಿಲ್ಲ. ತೊಂಬತ್ತರ ದಶಕದ ಒಂದು ಸಂಜೆ ಆಳಂದದ ಎಸ್‌ಟಿಡಿ ಬೂತಿನಲ್ಲಿ ನಿಂತು, ಮಸ್ಕತ್ತಿನಿಂದ ಮಾತಾಡುತ್ತಿದ್ದ ಅಕ್ಕನ ಮಗಳು ನಂದಾಳಿಗೆ ವಿಮಾನ ಪ್ರಯಾಣದ ಬಗ್ಗೆ ನಾನು ಸಲಹೆ ಕೊಟ್ಟದ್ದು ಅಂಥ ಗಟ್ಟಿ ದನಿಯಲ್ಲಿಯೇ. ಅಲ್ಲಿಯವರೆಗೆ ನಾನು ವಿಮಾನವನ್ನು ಕಂಡದ್ದು ಅಂಗಳದಲ್ಲಿ ನಿಂತು ತಲೆ ಎತ್ತಿದಾಗ ಮಾತ್ರ.

ನಂದಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡನಿಗೆ ರಜೆ ಸಿಗದ ಕಾರಣ ತಾನೊಬ್ಬಳೇ, ವರ್ಷ ತುಂಬಿದ ಮಗಳು ಗೌರಿಯ ಹುಟ್ಟುಗೂದಲು, ಅಂದರೆ ಜಾವಳ, ತೆಗೆಸಲು ಘತ್ತರಗಿ ಭಾಗ್ಯವಂತಿಯ ಗುಡಿಗೆ ಬರುವವಳಿದ್ದಳು. “ಮಾಮಾ, ಕಾರಿನ್ಯಾಗ ಕೂಸಿಗಿ ಕುಂದರಸೋ ಖುರ್ಚಿ ಅದ. ಇಮಾನದಾಗ ತರ್ಲೋ, ಬಿಡ್ಲೋ?” ಎಂದು ಕೇಳಿದಳು.

“ಖುರ್ಚಿ ಯಾಕ ಬೇ? ಇಲ್ಲಿ ಇಷ್ಟು ಮಂದಿ ತೊಡಿ ಏನ ಬಾಡಿಗಿಗಿ ಹೋಗ್ಯಾವ? ಬಿಟ್ಟು ಬಾ,” ಎಂದೆ. ಬೂತಿನಲ್ಲಿ ಸರದಿಗೆ ಕಾಯುತ್ತಿದ್ದವರೆಲ್ಲ ತಲೆದೂಗಿದರು. ಅವರಲ್ಲಿಯೂ ಯಾರೂ ವಿಮಾನ ಹತ್ತಿದವರಲ್ಲ, ಹಾಗಾಗಿ ಒಮ್ಮತಕ್ಕೆ ಕಷ್ಟವಾಗಲಿಲ್ಲ.

ನನ್ನ ಮಾತಿಗೆ ಆಧಾರವಿಲ್ಲ ಎನ್ನಬೇಡಿ. ನಾನು ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ದಿನವೂ ಬಸ್ ನಿಲ್ದಾಣದಲ್ಲಿ ಈ ಶಾಸ್ತ್ರವನ್ನು ಅಭ್ಯಾಸ ಮಾಡಿದವನು. ನಮ್ಮ ಕಡೆ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಇಲ್ಲದವರು ಮಗುವನ್ನೇ ಒಳಗೆ ದಾಟಿಸುತ್ತಾರೆ. ಒಳಗೆ ಕೂತವರು ಯಾರೇ ಆಗಿರಲಿ, ಆ ಮಗುವನ್ನು ಎತ್ತಿಕೊಂಡು ಸೀಟಿನ ಮೇಲೆ ಕೂರಿಸುತ್ತಾರೆ; ತಾಯಿ ನೂಕುನುಗ್ಗಲಿನಲ್ಲಿ ಹತ್ತಿ ಬರುವವರೆಗೆ ಅದು ಗಂಭೀರವಾಗಿ ಜಾಗ ಕಾಯುತ್ತದೆ. ಆಮೇಲೆ ಯಾರದೋ ತೊಡೆಯ ಮೇಲೆ ನಿದ್ದೆ ಹೋಗುತ್ತದೆ. ಕಂಡಕ್ಟರನೂ ಅದಕ್ಕೆ ಟಿಕೀಟು ಕೇಳುವುದಿಲ್ಲ. ಮಗುವನ್ನು ಕಳಿಸಿ ಸೀಟು ಹಿಡಿಯುವ ಸೀಮೆಗೆ, ಮಗುವಿಗಾಗಿ ಸೀಟನ್ನೇ ಹೊತ್ತು ತರುವುದೆಂದರೆ ನನಗೆ ಹೇಗೆ ಒಪ್ಪಿಗೆಯಾಗಬೇಕು?

ನಂದಾ ನನ್ನ ಸಲಹೆಯನ್ನು ಗೌರವದಿಂದ ಕೇಳಿ ಕುರ್ಚಿಯನ್ನು ತಂದಳು. ಮುಂಬಯಿಯವರೆಗೆ ವಿಮಾನ, ಅಲ್ಲಿಂದ ರೈಲು. ಗುಲಬರ್ಗಾ ಸ್ಟೇಷನ್ನಿನಲ್ಲಿ ಅವಳು ಇಳಿದದ್ದನ್ನು ನೋಡಬೇಕಿತ್ತು: ಒಂದು ಬಗಲಲ್ಲಿ ಗೌರಿ, ಇನ್ನೊಂದು ಬಗಲಲ್ಲಿ ಆ ದಪ್ಪ ಕುರ್ಚಿ. ಚೀಲಗಳನ್ನು ಹಮಾಲನಿಗೆ ಕೊಟ್ಟಿದ್ದಳು, ಕುರ್ಚಿಯನ್ನು ಕೊಟ್ಟಿರಲಿಲ್ಲ. ಹುಡುಗಿಯ ಹಟಕ್ಕೆ ನಾನು ಅಲ್ಲಿಯೇ ಅರ್ಧ ಸೋತೆ.

ಸೋಲದವಳು ನನ್ನ ಅಕ್ಕ ಶಿವಮ್ಮ, ಅಂದರೆ ನಂದಾಳ ತಾಯಿ. ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿದ ದಿನದಿಂದಲೂ ಘತ್ತರಗಿಗೆ ಅದನ್ನು ಉಡಿಯಲ್ಲಿಟ್ಟುಕೊಂಡು ಹೋಗುವ ಕನಸು ಕಂಡವಳು ಅವಳು. ಉಡಿ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಬರೀ ತೊಡೆಯಲ್ಲ, ಬರೀ ಸೆರಗೂ ಅಲ್ಲ. ಮುತ್ತೈದೆಯನ್ನು ಹರಸುವುದು ಉಡಿ ತುಂಬಿ, ದೇವರಲ್ಲಿ ಬೇಡುವುದು ಉಡಿಯೊಡ್ಡಿ. ಅಂಥ ಉಡಿ ಇರುವಾಗ, ಆಳಂದದ ಹತ್ತಿರದ ನಮ್ಮೂರು ಮಟಕಿಯಲ್ಲಿ, ಮನೆಯ ಮುಂದೆ ಬಾಡಿಗೆ ಜೀಪಿನ ಹಿಂದಿನ ಸೀಟಿಗೆ, ತೊಗರಿ ಚೀಲ ಬಿಗಿಯುವ ಹಗ್ಗದಿಂದ ಡ್ರೈವರ್ ಮೌಲಾಸಾಬ ಆ ಕುರ್ಚಿಯನ್ನು ಕಟ್ಟುತ್ತಿದ್ದುದನ್ನು ಅಕ್ಕ ನೋಡಿದಳು.

“ನನ್ನ ಉಡಿ ಹರದದ ಏನ ನಂದಾ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

“ಇಲ್ಲಬೇ ಯವ್ವಾ. ಗಾಡಿ ಒಮ್ಮಿಗೇ ನಿಂತ್ರ ಯಾರ ಕೈನೂ ಮಾತು ಕೇಳಂಗಿಲ್ಲ. ಹಂಗ ಪೆಟ್ಟಾದ ಕೂಸುಗೋಳು ದವಾಖಾನಿಗಿ ಬಂದದ್ದು ನಾ ನೋಡೀನಿ.”

“ಮತ್ತ ಇಮಾನದಾಗ ಎಲ್ಲಿ ಕುಂತಿತ್ತು?”

“ನನ್ನ ತೊಡಿ ಮ್ಯಾಲ. ಬ್ಯಾರೆ ಟಿಕೀಟ ತಗದ್ರಷ್ಟ ಖುರ್ಚಿ ಬಾಜೂಕ ಇಡ್ಲಾಕ ಬಿಡ್ತಾರ. ನಾ ತಗಿಲಿಲ್ಲ, ಖುರ್ಚಿ ಸಾಮಾನಿನ ಜೋಡಿ ಬಂತು.”

“ಹಂಗಾರ ಮುಗಿಲಾಗ ನಿನ್ನ ತೊಡಿ ನಡೀತದ, ಘತ್ತರಗಿ ದಾರ್ಯಾಗ ನನ್ನ ಉಡಿ ನಡ್ಯಂಗಿಲ್ಲ.”

ನನ್ನ ಅಕ್ಕ ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಎಷ್ಟೋ ವಕೀಲರು ಒಕ್ಕಲುತನಕ್ಕೆ ಹೋಗಬೇಕಾಗುತ್ತಿತ್ತು. ಆದರೂ ನಂದಾ ಹಗ್ಗ ಬಿಚ್ಚಿಸಲಿಲ್ಲ. ಗೌರಿಯನ್ನು ಕುರ್ಚಿಯಲ್ಲಿ ಕೂರಿಸಿ ಅದರ ಪಟ್ಟಿಗಳನ್ನು ಬಿಗಿದಳು. ತಾಯಿಯ ಕಣ್ಣಲ್ಲಿ ನೀರು ಬಂದರೂ ಮಗಳ ವಿಷಯದಲ್ಲಿ ಜಗ್ಗದೆ ನಿಲ್ಲುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಹಗ್ಗ ಬಿಚ್ಚಿ, ಬೇಕಿದ್ದರೆ ಕುರ್ಚಿಯಲ್ಲಿ ನಾನೇ ಕೂತು ರಾಜಿ ಮಾಡಿಸುತ್ತಿದ್ದೆ.

ಅಕ್ಕ ಕುರ್ಚಿಯ ಪಕ್ಕದಲ್ಲಿ ಮುಖ ತಿರುಗಿಸಿ ಕೂತಳು. ಖಾಲಿ ಉಡಿಯಲ್ಲಿ ದೇವಿಯ ನೈವೇದ್ಯಕ್ಕೆಂದು ಗೋಧಿ, ಬೆಲ್ಲ ಹಾಕಿ ಮಾಡಿದ ಪುಡಿಸಿಹಿ ಮಾದಲಿಯ ಸ್ಟೀಲ್ ಡಬ್ಬಿ ಇಟ್ಟುಕೊಂಡಳು. ಕೂಸನ್ನು ಹಿಡಿಯಬೇಕಾಗಿದ್ದ ಎರಡೂ ಕೈಗಳಿಂದ ಅದನ್ನೇ ಬಿಗಿಯಾಗಿ ಅಪ್ಪಿಕೊಂಡಳು.

ದಾರಿಯಲ್ಲಿ ಗೊಬ್ಬೂರ ಎಂಬ ಊರು ದಾಟಿದ ಮೇಲೆ ಜಾಲಿಕಂಟಿಯ ಮರೆಯಿಂದ ಕುರಿಗಳ ಹಿಂಡೊಂದು ರಸ್ತೆಗೆ ನುಗ್ಗಿತು. ಮೌಲಾಸಾಬ ಬ್ರೇಕ್ ಒತ್ತಿದ. ಮುಂದೆ ಕೂತಿದ್ದ ನನ್ನ ಕನ್ನಡಕ ಎಲ್ಲಿಗೋ ಹೋಯಿತು. ಅಕ್ಕ ಮುಗ್ಗರಿಸಿ ಮುಂದಿನ ಸೀಟಿಗೆ ಬಡಿದುಕೊಂಡಳು. ಅವಳ ಉಡಿಯಲ್ಲಿದ್ದ ಡಬ್ಬಿ ನನ್ನ ಹೆಗಲ ಮೇಲಿಂದ ಹಾರಿ ಎದುರಿನ ಗಾಜಿಗೆ ಬಡಿದು ಬಿಚ್ಚಿಕೊಂಡಿತು. ದೇವಿಗೆ ಮುಟ್ಟುವ ಮೊದಲೇ ನೈವೇದ್ಯ ನನ್ನ ಬೋಳು ತಲೆಗೆ ಮುಟ್ಟಿತು.

ತಿರುಗಿ ನೋಡಿದೆ. ಗೌರಿ ಕುರ್ಚಿಯಲ್ಲಿ ಇದ್ದಲ್ಲಿಯೇ ಇದ್ದಳು. ಒಂದಿಷ್ಟು ಬೆಚ್ಚಿ, ಕುರಿಗಳನ್ನು ಕಂಡು ಕೈ ಬಡಿದಳು.

ಅಕ್ಕ ಗಾಜಿನ ಮೇಲಿನ ಮಾದಲಿಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

“ಬಿಗಿಯಾಗೇ ಹಿಡದಿದ್ದೆ ನಂದಾ,” ಎಂದಳು ಮೆಲ್ಲಗೆ. “ಎರಡೂ ಕೈಲೆ ಹಿಡದಿದ್ದೆ.”

ನಂದಾ ‘ನಾ ಹೇಳಿದ್ದಿಲ್ಲ?’ ಎನ್ನಬಹುದಿತ್ತು. ನಮ್ಮ ಮನೆತನದಲ್ಲಿ ಇಂಥ ಅವಕಾಶವನ್ನು ಯಾರೂ ಬಿಟ್ಟುಕೊಟ್ಟ ಉದಾಹರಣೆಯಿಲ್ಲ. ಅವಳು ಸುಮ್ಮನೆ ತಾಯಿಯ ಮೊಣಕಾಲು ನೀವಿದಳು. ಘತ್ತರಗಿಯಲ್ಲಿ ಜೀಪು ನಿಂತಾಗ ಮೊದಲು ಪಟ್ಟಿ ಬಿಚ್ಚಿ ಕೂಸನ್ನು ಅಕ್ಕನ ಉಡಿಗೆ ಹಾಕಿದಳು. ಭೀಮೆಯ ದಂಡೆಯಲ್ಲಿ ಜಾವಳ ತೆಗೆಯುವಾಗ ಗೌರಿ ಕಿರುಚಾಡಿದ್ದೂ ಆ ಉಡಿಯಲ್ಲಿಯೇ, ಅತ್ತು ದಣಿದು ಮಲಗಿದ್ದೂ ಅಲ್ಲಿಯೇ. ಅಕ್ಕ ಕಾಲು ಜೋಮು ಹಿಡಿದರೂ ಏಳಲಿಲ್ಲ.

ಹೊರಡುವ ಹಿಂದಿನ ದಿನ ನಂದಾ ಸಾಮಾನು ಕಟ್ಟುತ್ತಿದ್ದಳು. ರೊಟ್ಟಿ, ಶೇಂಗಾ ಚಟ್ನಿಪುಡಿ, ಕೂಸು, ಚೀಲ ಎಲ್ಲವನ್ನೂ ನೋಡಿ ನಿಟ್ಟುಸಿರಿಟ್ಟು, “ಮಾಮಾ, ಖುರ್ಚಿ ಇಲ್ಲೇ ಬಿಡ್ಲೇನು? ಮುಂದಿನ ಸಾರಿ ಬಂದಾಗ ಬೇಕಾಗ್ತದ. ಅಲ್ಲಿ ಇನ್ನೊಂದು ತಗೋತೀನಿ,” ಎಂದಳು. ಸಲಹೆ ಕೊಡಲು ನನ್ನ ದನಿ ಆಗಲೇ ಗಟ್ಟಿಯಾಗತೊಡಗಿತ್ತು.

ಅಷ್ಟರಲ್ಲಿ ಅಕ್ಕ ರೊಟ್ಟಿಯ ಗಂಟನ್ನು ಬದಿಗೆ ಸರಿಸಿ ಕುರ್ಚಿಯನ್ನು ಎತ್ತಿ ಬಾಗಿಲ ಬಳಿ ಇಟ್ಟಳು.

“ಈ ಸಾರಿ ಇಮಾನದಾಗ ಕೂಸಿಗೂ ಟಿಕೀಟ ತಗಿ. ದಾರಿಗಿ ಖುರ್ಚಿ ಒಯ್ಯಿ ಯವ್ವಾ,” ಎಂದಳು. “ಬಂದು ಇಳಿಲಾಕ ಉಡಿ ಇಲ್ಲಿ ಇದ್ದೇ ಇರ್ತದ.”